ಅಚ್ಚಿನ ಮೇಲೆ ತೀರ್ಥ

ಸೌಂದರ್ಯ ಇಕ್ಕಳದಲ್ಲಿ ಕರಗಿದ ಲೋಹದ ಮೂಸೆ ಎತ್ತಿದ್ದೇ ತಡ, ಮಾರೆಣ್ಣನ ಎದೆ ಡವಡವ ಅನ್ನತೊಡಗಿತು. ಕರೆಂಟ್ ಆಫೀಸಿನಿಂದ ನಿವೃತ್ತನಾದ ಮೇಲೆ ಪಾರ್ವತಿನಗರದ ಮನೆಯ ಹಿತ್ತಲಲ್ಲಿ ಕುಲುಮೆ ಕಟ್ಟಿಕೊಂಡು, ಎರಕ ಹೊಯ್ಯುವ ತನ್ನ ಹುಚ್ಚನ್ನು ಊರವರಿಗೂ ಅಂಟಿಸಿದ ಆಸಾಮಿ ಅವನು. ಭಾನುವಾರ ಬಂದವರಿಗೆಲ್ಲ ಪುಕ್ಕಟೆ ಪಾಠ. ಕುರುಗೋಡಿನ ಹೈಸ್ಕೂಲ್ ಟೀಚರ್ ಸೌಂದರ್ಯ ಇವತ್ತು ಮೊದಲ ಸಲ ತಾನೇ ಹೊಯ್ಯುವವಳು. ಮಾಡುವುದು ಬರೀ ಬಾಗಿಲ ಹಿಡಿಕೆ. ಅಷ್ಟಕ್ಕೇ ಇಷ್ಟು ಹೆದರಿಕೆ ಯಾಕೆ ಅಂತೀರಾ? ಕರಗಿದ ಅಲ್ಯೂಮಿನಿಯಂ ಮೈಮೇಲೆ ಬಿದ್ದರೆ ಎಲುಬಿನ ತನಕ ಇಳಿಯುತ್ತದೆ, ಗೊತ್ತಿರಲಿ.

ಅದಕ್ಕೇ ಹಿತ್ತಲಿಗೊಂದು ಕಟ್ಟಳೆ: ಮೂಸೆ ಎತ್ತಿದವರ ಹಿಂದೆ ಯಾರೂ ತುಟಿ ಬಿಚ್ಚುವಂತಿಲ್ಲ. ಸಿರುಗುಪ್ಪದ ಯರ್ರಿಸ್ವಾಮಿಯನ್ನು ಯಾರೋ ಕೂಗಿದ್ದಕ್ಕೆ ಅವನು ಬೆಚ್ಚಿ, ಕಾಲ ಮೇಲೆ ಚೆಲ್ಲಿಕೊಂಡು ಇನ್ನೂ ಕುಂಟುತ್ತಿದ್ದಾನೆ.

ಸೌಂದರ್ಯ ಹೆಜ್ಜೆ ಇಟ್ಟಳು. ಮಾರೆಣ್ಣನ ಕಣ್ಣು ಅಚ್ಚಿನ ಕಡೆ ಹೊರಳಿತು. ಬಿಸಿಲಲ್ಲಿ ಒಣಗಿಸಿಟ್ಟ ಮರಳಿನ ಅಚ್ಚು ಒದ್ದೆಯಾಗಿದೆ! ಹೊಯ್ಯುವ ತೂತಿನ ಸುತ್ತ ವಿಭೂತಿ, ಒಂದು ಕಣಗಿಲೆ ಹೂ. ಪಕ್ಕದ ಸ್ಟೂಲಿನ ಮೇಲೆ ಸೌಂದರ್ಯಳ ಜೊತೆ ಬಂದಿದ್ದ ಅವಳ ಅತ್ತೆ ಚನ್ನವೀರಮ್ಮ ಖಾಲಿ ತಂಬಿಗೆ ಹಿಡಿದು, ಕಣ್ಣು ಮುಚ್ಚಿ ಶಿವಶಿವಾ ಅನ್ನುತ್ತಿದ್ದಾಳೆ. ಹೆಣ್ಣಿಗೇಕೆ ಬೆಂಕಿಯ ಉಸಾಬರಿ ಅಂತ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈದವಳೇ, ಎಲ್ಲರ ಕಣ್ಣು ಕುಲುಮೆಯ ಮೇಲಿದ್ದಾಗ, ಹೊಸ ಗಾಡಿಗೆ ಚಿಮುಕಿಸಿದಂತೆ ಅಚ್ಚಿಗೂ ತೀರ್ಥ ಚಿಮುಕಿಸಿದ್ದಾಳೆ. ಒದ್ದೆಗೆ ಕಾದ ಲೋಹ ಬಿತ್ತೋ, ನೀರು ಹಬೆಯಾಗಿ ಸಿಡಿದು ಅಷ್ಟೂ ಲೋಹವನ್ನು ಅತ್ತೆ ಸೊಸೆ ಇಬ್ಬರ ಮುಖಕ್ಕೂ ಎರಚುತ್ತದೆ.

ಕೂಗಿದರೆ ಬೆಚ್ಚುತ್ತಾಳೆ. ಕೂಗದಿದ್ದರೆ ಹೊಯ್ದೇಬಿಡುತ್ತಾಳೆ. ಅಯ್ಯೋ ದೇವರೇ, ಏನು ಮಾಡಲಿ?

ಮಾರೆಣ್ಣ ಗೋಡೆಗೆ ಒರಗಿಸಿದ್ದ ತಗಡು ಎತ್ತಿಕೊಂಡು, ಅವಳು ಬೆಚ್ಚದಂತೆ ಸದ್ದಿಲ್ಲದೆ ಎದುರಿನಿಂದ ಹೋಗಿ, ಮೂಸೆ ಬಾಗುವ ಮೊದಲೇ ತೂತಿನ ಮೇಲೆ ಮುಚ್ಚಿ ಹಿಡಿದ. ಝಳಕ್ಕೆ ಕೈಮೇಲಿನ ಕೂದಲು ಚುರುಚುರು ಸುಟ್ಟವು.

"ತಗೀರಿ ಸರ್!" ಅಂದಳು ಸೌಂದರ್ಯ. "ಕೈ ಸೋಲಾಕತ್ಯಾವ!"

"ಹಂಗ ಹಿಂದಕ ಹೋಗವ್ವ. ಸಾವಕಾಶ. ಕುಲುಮ್ಯಾಗ ಇಡು," ಅಂದ, ಕೂಸು ಮಲಗಿಸುವ ದನಿಯಲ್ಲಿ.

ಇಟ್ಟಳು. ಇಟ್ಟವಳೇ ಸಿಟ್ಟಿನಿಂದ ತಿರುಗಿದಳು, ಕಣ್ಣ ತುಂಬ ನೀರು. "ನನ್ ಮ್ಯಾಲೆ ಭರೋಸ ಇಲ್ಲಂದ್ರ ಮೊದ್ಲ ಹೇಳ್ಬೇಕಿತ್ರಿ!"

ಮಾರೆಣ್ಣ ತಗಡು ಸರಿಸಿದ. ಒದ್ದೆ ಮರಳು ನೋಡಿದ್ದೇ ಅವಳ ಮುಖ ಬಿಳಿಚಿಕೊಂಡಿತು.

"ನಾನ ಹಾಕೀನವ್ವ," ಅಂದಳು ಚನ್ನವೀರಮ್ಮ, ಏನಾಯಿತೆಂದು ತಿಳಿಯದೆ. "ನಿನಗೇನೂ ಆಗಬಾರ್ದಂತ."

"ನೀರಿಗೆ ಸಿಡಿತೈತ್ರಿ ಅತ್ತಿ. ನಿಮ್ಮ ಮಾರಿಗೇ ಸಿಡಿತಿತ್ತು."

ತಂಬಿಗೆ ಕೈಜಾರಿ ಉರುಳಿತು. ಮುದುಕಿ ಧಡಕ್ಕನೆ ಎದ್ದು ಬಂದು ಸೊಸೆಯ ಗಲ್ಲ ಎರಡೂ ಕೈಯಲ್ಲಿ ಹಿಡಿದು, ಹಣೆ, ಕಣ್ಣು, ಕೆನ್ನೆ ಎಲ್ಲ ತಡವಿ ತಡವಿ ನೋಡತೊಡಗಿದಳು.

"ನನ್ ಮಾರಿ ಸುಡ್ಲಿ ಬಿಡಲೇ. ನಿನ್ ಮಾರಿ? ನಿನ್ ಮಾರಿ ಏನಾಗ್ತಿತ್ತು?"