ಚಲುನಾ ಬರೆದದ್ದು

ಟ್ರೇಡರ್ಸ್ ಅನ್ನುವ ಬೋರ್ಡಿನಲ್ಲಿ ಡ ಬಿದ್ದುಹೋಗಿದೆ, ಟ್ರೇ ಒಂದು ಕಡೆ, ರ್ಸ್ ಇನ್ನೊಂದು ಕಡೆ, ನಡುವೆ ತುಕ್ಕು ಹಿಡಿದ ಮೊಳೆ — ಶಿರಾಳಕೊಪ್ಪದ ಪೇಟೆಯಲ್ಲಿ ಬಸ್ಸು ಮೆಲ್ಲಗಾದ ಅಷ್ಟು ಹೊತ್ತಿನಲ್ಲೇ ನೀಲಾಂಬಿಕಳ ಮನಸ್ಸು ಆ ಖಾಲಿ ಜಾಗಕ್ಕೆ ಡ ಹಾಕಿ ಮುಂದೆ ಹೋಗಿಯಾಗಿತ್ತು, ಹಾಕಿದ್ದು ತಾನು ಎನ್ನುವುದು ಹೊಳೆದದ್ದು ಆಮೇಲೆ, ಇದೇ ನೋಡು ನನ್ನ ಕಷ್ಟ, ಇಲ್ಲದ ಅಕ್ಷರವೂ ಕಂಡುಬಿಡುತ್ತದೆ, ಬೇಕಾದ ಅಕ್ಷರವಾದರಂತೂ ಇನ್ನೂ ಬೇಗ. ಮಡಿಲ ಮೇಲಿನ ಬ್ಯಾಗನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಾಳೆ, ಒಳಗೆ ಗೆಳತಿ ಕರುಣಾ ಬರೆದ ಹಾಳೆಯ ಪ್ರಿಂಟು, ಸೊರಬದಲ್ಲಿ ಇವತ್ತು ಎಲ್ಲರೂ ನೀಲಾಂಬಿಕಳ ಬಾಯಿಂದ ಬೀಳುವ ಮಾತಿಗೇ ಕಾದು ಕೂತಿದ್ದಾರೆ. ಕರುಣಾಳ ಗಂಡ ತೀರ್ಥೇಶ್ ನಿನ್ನೆ ಫೋನಿನಲ್ಲಿ, ನೀವೇ ಬಂದು ಓದಿ ಹೇಳ್ರೀ ನೀಲಾಂಬಿಕಕ್ಕಾ, ನಿಮ್ಮಿಬ್ಬರ ಭಾಷೆ ಅದು, ನಮಗೆ ಯಾರಿಗೂ ತಿಳಿಯಲ್ಲ, ಸಂಜೆ ಗಂಡಿನ ಕಡೆಯೋರು ಬರ್ತಾರೆ, ಅವಳ ಮಾತಿಲ್ದೆ ನಾನು ಹ್ಞೂಂ ಅನ್ನೋದು ಹೆಂಗೆ, ಅಂದಿದ್ದ. ಅವನು ಫೋನಿಟ್ಟ ಸ್ವಲ್ಪ ಹೊತ್ತಿಗೆ ಅವರ ಮಗಳು ಚೈತ್ರಶ್ರೀಯ ಫೋನು, ದನಿ ತಗ್ಗಿಸಿ, ಆಂಟೀ, ನೋಡಕ್ಕೆ ಬಂದಾಗಲೇ ಅವ್ನು ನನ್ನ ಫೋನ್ ತಗೊಂಡು ಯಾರ್ಯಾರ ನಂಬರಿದೆ ಅಂತ ನೋಡ್ದ, ನಗ್ತಾನೇ ನೋಡ್ದ, ಅಮ್ಮ ಬೇಡ ಅಂತ ಬರ್ದಿದಾಳೆ ಅಂತ ಹೇಳಿ ಸಾಕು, ಯಾರಿಗೆ ಗೊತ್ತಾಗುತ್ತೆ. ಯಾರಿಗೆ ಗೊತ್ತಾಗುತ್ತೆ — ಹೆದರಿಕೆಯೂ ಅದೇ ತಾನೆ, ತಪ್ಪು ಓದಿದರೆ ತಿದ್ದಬಲ್ಲವಳು ಈ ಭೂಮಿಯ ಮೇಲೆ ಒಬ್ಬಳೇ, ಅವಳಿಗೆ ಈಗ ಮಾತಿಲ್ಲ.

ಹಿಂದಿನ ಸೀಟಿನಲ್ಲಿ ಯಾರೋ ಕಡಲೆಕಾಯಿ ಸುಲಿಯುತ್ತಿದ್ದಾರೆ, ಸಿಪ್ಪೆಯ ಚಟ್ ಚಟ್ ಸದ್ದು, ಆ ಸದ್ದಿಗೆ ನೆನಪಾದದ್ದು ಶಿಕಾರಿಪುರದ ಕಾಲೇಜಿನ ಕೊನೆಯ ಬೆಂಚು, ಮಕ್ಕಳ ಪತ್ರಿಕೆಯ ಒಗಟಿನ ಪುಟ ಹರಿದುಕೊಂಡು ಬಂದವಳು ಕರುಣಾ, ಇಂಗ್ಲಿಷಿನೋರು ಎ ಬದ್ಲು ಬಿ ಬರೀತಾರಂತೆ ಕಣೇ, ನಮ್ಮದ್ರಲ್ಲಿ ಮಾಡಕ್ಕಾಗಲ್ವಾ ಅಂದಳು, ನೀಲಾಂಬಿಕ ನೋಟ್ಸಿನ ಹಿಂದೆ ವರ್ಗಾಕ್ಷರ ಬರೆದು ನೋಡಿದಳು, ಐದು ಸಾಲು, ಸಾಲಿಗೆ ಐದು, ಕ ಕೆಳಗೆ ಚ, ಚ ಕೆಳಗೆ ಟ, ಯಾರೋ ಇದಕ್ಕೆಂದೇ ಮಾಡಿಟ್ಟ ಹಾಗಿರುವ ಚೌಕ, ಪ್ರತಿ ಅಕ್ಷರವೂ ಒಂದೊಂದು ಸಾಲು ಕೆಳಗಿಳಿದರೆ ಮುಗಿಯಿತು, ಪ ಸಾಲು ಇಳಿದರೆ ಮತ್ತೆ ಮೇಲಿನ ಕ ಸಾಲು, ಯ ಇದ್ದಲ್ಲಿ ರ, ರ ಇದ್ದಲ್ಲಿ ಲ, ಸ್ವರಗಳು ಇದ್ದ ಹಾಗೇ ಇರಲಿ — ಕರುಣಾ ಚಲುನಾ ಆದಳು, ನೀಲಾಂಬಿಕ ಮೀವಾಂಗಿಚ ಆದಳು, ಮೀವಾಂಗಿಚ, ಅದೇನು ಮೀನಿನ ಹೆಸರೇನೇ ಅಂತ ಕರುಣಾ ನಕ್ಕು ನಕ್ಕು ಇಬ್ಬರೂ ಕ್ಲಾಸಿನ ಹೊರಗೆ ನಿಂತದ್ದು. ಮದುವೆಯಾಗಿ ಕರುಣಾ ಸೊರಬಕ್ಕೆ ಹೋದಳು, ನೀಲಾಂಬಿಕ ಊರಲ್ಲೇ ಗಂಡ ಈಶ್ವರನ ಪೇಂಟಿನ ಅಂಗಡಿಯಲ್ಲಿ ಕೂತಳು, ನಡುವೆ ಕಾರ್ಡುಗಳು ಓಡಾಡಿದವು, ಪೋಸ್ಟ್‌ಮ್ಯಾನ್ ಇದು ಯಾವ ಭಾಷೆ ಅಕ್ಕಾ ಅಂತ ಕೇಳುತ್ತಿದ್ದ, ಕಾರ್ಡು ಹೋಗಿ ವಾಟ್ಸಾಪ್ ಬಂದರೂ ಪೆನ್ಸಿಲ್ಲಿನಲ್ಲಿ ಬರೆದೇ ಫೋಟೋ ಕಳಿಸಬೇಕು, ಬಿಡಿಸುವುದೂ ಪೆನ್ಸಿಲ್ಲಿನಲ್ಲೇ, ಅದು ಕರುಣಾಳ ಕಾನೂನು. ಚೌಕ ಹಳತಾಯಿತು, ಒಂದು ಕೀಲಿಪದ ಇಟ್ಟು ಅದರ ಅಕ್ಷರಕ್ಕೆ ತಕ್ಕಂತೆ ಸಾಲು ಇಳಿಸಿ ಬರೆಯುವುದು ಬಂತು, ಅಕ್ಷರಗಳನ್ನು ಮೇಲೊಂದು ಕೆಳಗೊಂದು ಹೆಣೆಯುವುದು ಬಂತು, ಎಷ್ಟು ಮುಚ್ಚಿಟ್ಟರೂ ಕನ್ನಡ ಎಲ್ಲೋ ಇಣುಕಿಬಿಡುತ್ತದೆ, ಮಾತಿನ ಕೊನೆಗೆ ಒತ್ತಿನ ಜೊತೆ ಗುಡಿಸು ಬಂತೋ, ಅದು ಮನೆಯಲ್ಲಿ ಊರಲ್ಲಿ ಅನ್ನುವ ಲ್ಲಿ, ಸಿಕ್ಕಿಬಿದ್ದೆ ಚಲುನಾ. ಒಮ್ಮೆ ತಾಳಗುಂದಕ್ಕೆ ಹೋಗಿ ಕಂಬದ ಮೇಲಿನ ಶಾಸನದ ಮುಂದೆ ನಿಂತಿದ್ದರು, ಕರುಣಾ ತುಂಬ ಹೊತ್ತು ನೋಡಿ, ಇದು ಗುಟ್ಟಿನ ಲಿಪಿ ಅಲ್ಲ ಕಣೇ, ಓದೋರು ಹೋದ್ರು ಅಷ್ಟೇ, ಅಂದಳು, ಆಗ ಅದು ತಮಾಷೆಯ ಮಾತು, ಈಗ ಕಿಟಕಿಯಾಚೆ ಮೆಕ್ಕೆಜೋಳದ ಹೊಲ ಹಿಂದೆ ಹಿಂದೆ ಓಡುತ್ತಿರುವಾಗ ಆ ಮಾತು ಬಂದು ಪಕ್ಕದ ಸೀಟಿನಲ್ಲಿ ಕೂತಿದೆ.

ಒಲೆಯ ಮುಂದೆ ನಿಂತವಳು ನಿಂತ ಹಾಗೇ ಕುಸಿದಳಂತೆ, ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತು ಪೂರ್ತಿ ಹೋಯಿತು, ಶಿವಮೊಗ್ಗದ ಡಾಕ್ಟರು ಮೆದುಳಿನ ಮಾತಿನ ಭಾಗಕ್ಕೇ ಪೆಟ್ಟಾಗಿದೆ, ಎಷ್ಟು ಉಳಿದಿದೆ ಅಂತ ಈಗಲೇ ಹೇಳಕ್ಕಾಗಲ್ಲ ಅಂದರು, ಮನೆಗೆ ಕರೆತಂದ ಮೇಲೆ ಒಂದು ದಿನ ಕರುಣಾ ಎಡಗೈಯಲ್ಲಿ ಪೆನ್ಸಿಲ್ ಹಿಡಿದಳು, ಬರೆಯತೊಡಗಿದಳು, ತೀರ್ಥೇಶ್ ಫೋನಿನಲ್ಲಿ ಅತ್ತುಬಿಟ್ಟಿದ್ದ, ಬರೀತಿದಾಳ್ರೀ, ನಿಮ್ಮಿಬ್ಬರದ್ದೇ ಬರೀತಿದಾಳೆ. ನೀಲಾಂಬಿಕ ಅವನು ಕಳಿಸಿದ ಫೋಟೋ ಪ್ರಿಂಟು ಹಾಕಿಸಿ, ನಿನ್ನೆ ಆ ಎರಡು ಫೋನುಗಳಾದ ಮೇಲೆ ಅಂಗಡಿಯ ಕೌಂಟರಿನ ಮೇಲೆ ಪೇಂಟಿನ ಕಲರ್ ಕಾರ್ಡುಗಳನ್ನು ಆಚೆ ಸರಿಸಿ, ಪೆನ್ಸಿಲ್ ಚೂಪು ಮಾಡಿ, ದೇವರ ಮುಂದೆ ಕೂತ ಹಾಗೆ ಕೂತಿದ್ದಳು, ದ, ಮತ್ತೆ ದ, ರಿ, ಗೇ, ಸುರುಳಿಯಂಥದೇನೋ, ಚು, ರಿ, ದ ದ ದ. ಸಾಲು ಇಳಿಸಿ ನೋಡಿದಳು, ಏರಿಸಿ ನೋಡಿದಳು, ಅವರು ಬಳಸಿದ ಕೀಲಿಪದವನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದಳು, ಒತ್ತಕ್ಷರ ಒಂದಾದರೂ ಇದೆಯೇ, ಇಲ್ಲ, ಸೊನ್ನೆ ಇದೆಯೇ, ಇಲ್ಲ, ಮಾತು ಬಚ್ಚಿಟ್ಟುಕೊಂಡರೂ ಅದರ ಮೂಳೆ ಕೈಗೆ ಹತ್ತಬೇಕು, ಇಲ್ಲಿ ಮೂಳೆಯೇ ಇಲ್ಲ. ಊಟಕ್ಕೆ ಎದ್ದೇಳೇ, ಅದೇನು ಅಷ್ಟು ಹೊತ್ತು, ಅಂದ ಈಶ್ವರ, ಅವಳು ಏಳಲಿಲ್ಲ, ಆಗಲೇ ಕಂಡದ್ದು ಗೇ, ಒಂದು ಸಾಲು ಏರಿಸಿದರೆ ಬೇ, ಆಚೆ ಒಂದು ದ, ಏರಿಸಿದರೆ ಡ, ಬೇಡ — ಚೈತ್ರಶ್ರೀ ಕೇಳಿದ್ದು ಇಲ್ಲೇ ಇದೆ, ಸುಳ್ಳು ಹೇಳಬೇಕಾಗಿಯೇ ಇಲ್ಲ, ಕರುಣಾಳೂ ಇದನ್ನೇ ಹೇಳುತ್ತಿದ್ದಳು, ಮಗಳ ಫೋನ್ ಕಸಿದು ನೋಡುವವನಿಗೆ ಅವಳು ಕೊಡುತ್ತಿದ್ದಳೇ — ಹೇಳುತ್ತಿದ್ದಳು ಅಂದರೆ ಹೇಳಿದಳು ಅಂತಲ್ಲವಲ್ಲ. ಆ ಹೊತ್ತಿಗೆ ಕಣ್ಣು ಅದೇ ಗೇ ಪಕ್ಕಕ್ಕೆ ಜಾರಿತು, ಅಲ್ಲಿ ಚು, ಅದನ್ನೇರಿಸಿದರೆ ಕು, ಬೇಕು. ಬೇಡಕ್ಕಿಂತ ಹತ್ತಿರದಲ್ಲೇ ಬೇಕು. ಒಂದೇ ಹಾಳೆಯಲ್ಲಿ ಬೇಡವೂ ಬೇಕೂ ಸಿಗುವುದಾದರೆ ಎರಡನ್ನೂ ಕರುಣಾ ಬರೆದಿಲ್ಲ, ಅಷ್ಟು ಅವಳಿಗೆ ಗೊತ್ತು, ಗೊತ್ತಾದದ್ದನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಬಂದಿದ್ದಾಳೆ.

ಸೊರಬ, ಇಳೀರಿ ಇಳೀರಿ, ಕಂಡಕ್ಟರ್ ಬಾಗಿಲು ಬಡಿಯುತ್ತಿದ್ದಾನೆ, ಬಸ್‌ಸ್ಟ್ಯಾಂಡಿನ ಬಿಸಿಲು, ತೀರ್ಥೇಶ್ ಬೈಕಿನ ಹತ್ತಿರ ನಿಂತಿದ್ದಾನೆ, ಗಡ್ಡ ಬೋಳಿಸಿಕೊಂಡು ಇಸ್ತ್ರಿ ಶರ್ಟು ಹಾಕಿದ್ದಾನೆ, ದಾರಿಯುದ್ದಕ್ಕೂ ಬೈಕ್ ಓಡಿಸುತ್ತಲೇ ಮಾತಾಡುತ್ತಾನೆ, ನಿನ್ನೆ ರಾತ್ರಿ ಊಟ ಮಾಡ್ಸುವಾಗ ಒಂದು ಸಾಲು ಬರೆದ್ಲು, ಉಪ್ಪು ಕಮ್ಮಿ ಅಂತಿರ್ಬೇಕು ಅಂತ ನಾನು ಉಪ್ಪು ಹಾಕ್ದೆ, ಸುಮ್ನಾದ್ಲು ನೋಡಿ. ನೀಲಾಂಬಿಕ ಹ್ಞಾಂ ಅನ್ನುತ್ತಾಳೆ, ಗಾಳಿಗೆ ಕಣ್ಣಲ್ಲಿ ನೀರು, ಗಾಳಿಗೇ. ನಡುಮನೆಯಲ್ಲಿ ಮಂಚ, ಮಂಚದ ಮೇಲೆ ದಿಂಬಿಗೆ ಒರಗಿ ಕರುಣಾ, ಬಾಯಿ ಒಂದು ಕಡೆಗೆ ಎಳೆದಿದೆ, ತಲೆ ಬಾಚಿ ಹೂ ಮುಡಿಸಿದ್ದಾರೆ, ಸಂಜೆಯವರಿಗಾಗಿ, ಪಕ್ಕದಲ್ಲಿ ತೀರ್ಥೇಶನ ಅಕ್ಕ ಲೋಕಮ್ಮ, ಗಂಡು ಅವಳ ಮೈದುನನ ಮಗ, ಬಾ ತಾಯಿ, ನಿನ್ನ ದಾರಿನೇ ನೋಡ್ತಿದ್ವಿ, ಎಂತ ಬರ್ದಿದಾಳೆ ಓದಿ ಹೇಳಿಬಿಡು, ಒಳ್ಳೇದೇ ಬರ್ದಿರ್ತಾಳೆ, ಅಂದಳು ಲೋಕಮ್ಮ. ಅಡುಗೆಮನೆಯ ಬಾಗಿಲಿಗೆ ಚೈತ್ರಶ್ರೀ, ಕೈಯಲ್ಲಿ ನೀರಿನ ಲೋಟ, ಲೋಟ ಕೊಡುವಾಗ ಬೆರಳು ತಣ್ಣಗೆ, ಕಣ್ಣು ಕೇಳುತ್ತಿದೆ, ಬಿಡುತ್ತಿಲ್ಲ. ಕರುಣಾಳ ಎಡಗೈ ಮಾತ್ರ ಯಾರನ್ನೂ ಲೆಕ್ಕಿಸದೆ ಹಾಳೆಯ ಮೇಲೆ ಓಡುತ್ತಿದೆ, ದ ದ ರಿ.

ಒಂದು ಸಲ ಕೇಳಿಯೇ ಬಿಡೋಣ, ಹೆದರಿಕೆಗೆ ಓದಿಲ್ಲ ಅಂತಾಗಬಾರದು, ನೀಲಾಂಬಿಕ ಮಂಚದಂಚಿಗೆ ಕೂತು ಬ್ಯಾಗಿನಿಂದ ಪೆನ್ಸಿಲ್ ತೆಗೆದು ಖಾಲಿ ಹಾಳೆಯ ಮೇಲೆ ದೊಡ್ಡದಾಗಿ ಬರೆದಳು, ಚಲುನಾ, ಅದರ ಕೆಳಗೆ ಮೀ ಎಂದಷ್ಟೇ ಬರೆದು ನಿಲ್ಲಿಸಿದಳು, ಉಳಿದದ್ದನ್ನು ನೀನು ತುಂಬು, ವಾಂಗಿಚ ಅಂತ ಬರಿ, ವಾ ಅಂತಾದರೂ ಬರಿ, ಒಂದು ವಾ ಸಾಕು ಕಣೇ ನಾನು ಈ ಮನೆಯನ್ನೇ ಎತ್ತಿ ನಿಲ್ಲಿಸುತ್ತೇನೆ. ಕರುಣಾ ನೋಡಿದಳು, ಹಾಳೆಯನ್ನು ನೋಡಿದಳು, ನೀಲಾಂಬಿಕಳ ಮುಖ ನೋಡಿದಳು, ಆ ಕಣ್ಣು ಗುರುತು ಹಿಡಿದ ಕಣ್ಣು, ಅದರಲ್ಲಿ ಅನುಮಾನವಿಲ್ಲ, ಕೈ ಬಂತು, ಮೀ ಪಕ್ಕ ಪೆನ್ಸಿಲ್ ಊರಿತು, ಬರೆಯಿತು, ದ, ದ, ರಿ. ಮತ್ತೆ ದ. ಎಂತ ಅಂತಾಳೆ, ಅಂದ ತೀರ್ಥೇಶ್, ಎಲ್ಲರ ಉಸಿರೂ ಅವಳ ಹೆಗಲ ಮೇಲೆ, ಈಗ ಹೇಳಿಬಿಡಬಹುದು, ಗೇ ತೋರಿಸಿ ದ ತೋರಿಸಿ ಸಾಲು ಏರಿಸಿ ವಿವರಿಸಬಹುದು, ನಂಬುತ್ತಾರೆ, ಹುಡುಗಿ ಉಳಿಯುತ್ತಾಳೆ, ನಾಳೆ ತೀರ್ಥೇಶ್ ಇನ್ನೊಂದು ಹಾಳೆ ತರುತ್ತಾನೆ, ಔಷಧ ಬದಲಿಸಬೇಕಾ ಕೇಳಿ ಹೇಳಿ, ಮನೆ ಭಾಗ ಮಾಡಬೇಕಾ ಕೇಳಿ ಹೇಳಿ, ಕರುಣಾ ಸಾಯುವ ತನಕ ಕರುಣಾಳ ಬಾಯಾಗಿ ನಾನು, ಅವಳು ಹೇಳದ್ದನ್ನೆಲ್ಲ ಅವಳ ತಲೆಗೆ ಕಟ್ಟುತ್ತಾ. ಇದರಲ್ಲಿ ಏನೂ ಇಲ್ಲ ತೀರ್ಥೇಶಣ್ಣಾ, ಅಂದಿತು ಅವಳ ಬಾಯಿ, ಇದು ನಮ್ಮ ಲಿಪಿ ಅಲ್ಲ, ನಾನು ಎಲ್ಲಾ ತರದಲ್ಲೂ ನೋಡಿದೆ, ಕೈ ಓಡ್ತಿದೆ, ಮಾತಿಲ್ಲ.

ಮೊದಲು ಬಾಯಿಬಿಟ್ಟವಳು ಲೋಕಮ್ಮ, ಹಂಗಾದ್ರೆ ಬೇಡ ಅಂತಂತೂ ಅಂದಿಲ್ಲ, ಆಯ್ತಲ್ಲ, ಹೋಗು ತೀರ್ಥ, ಹಣ್ಣು ಹೂವು ತಗಂಬಾ. ಚೈತ್ರಶ್ರೀ ನೀಲಾಂಬಿಕಳನ್ನು ನೋಡಿದ ನೋಟ, ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ, ಒಂದೇ ಒಂದು ಮಾತು ಕೇಳಿದ್ದೆ ನಿಮ್ಮ ಹತ್ರ ಅಂದಳು, ಎಲ್ಲರಿಗೂ ಕೇಳುವ ಹಾಗೆ, ನೀಲಾಂಬಿಕ ಹೇಳಿದಳು, ಅಮ್ಮನ ಹೆಸರಲ್ಲಿ ನಾನು ಹೇಳಲ್ಲ ಮರಿ, ನಿನ್ನ ಮಾತು ನೀನೇ ಹೇಳು, ನಾನು ಇಲ್ಲೇ ಇರ್ತೀನಿ, ಎಲ್ಲೂ ಹೋಗಲ್ಲ. ಹುಡುಗಿ ಹೆಗಲ ಮೇಲೆ ಕೈಯಾಡಿಸಿಕೊಂಡಳು, ಇಲ್ಲದ ದುಪಟ್ಟಾ ಹುಡುಕುವ ಹಾಗೆ, ಆಮೇಲೆ ಅಪ್ಪನ ಕಡೆ ತಿರುಗಿ, ನಂಗೆ ಈ ಸಂಬಂಧ ಬೇಡ ಅಪ್ಪಾ, ಅಮ್ಮ ಹೇಳಿದ್ದಲ್ಲ, ನಾನೇ ಹೇಳ್ತಿರೋದು, ಅವ್ನ ಜೊತೆ ಇರಕ್ಕೆ ನಂಗೆ ಹೆದರಿಕೆ ಆಗುತ್ತೆ. ಲೋಕಮ್ಮ ಎದ್ದು ನಿಂತು, ತಾಯಿ ಈ ಗತೀಲಿ ಬಿದ್ದಿರುವಾಗ ಇವಳ ಬಾಯಿ ನೋಡು, ಅನ್ನುತ್ತಿದ್ದಾಳೆ, ತೀರ್ಥೇಶ್ ಗೋಡೆ ಹಿಡಿದುಕೊಂಡು ನಿಂತಿದ್ದಾನೆ, ಅದೇ ಹೊತ್ತಿನಲ್ಲಿ ನೀಲಾಂಬಿಕ ಕಂಡಳು, ಕರುಣಾಳ ಪೆನ್ಸಿಲ್ ನಿಂತಿದೆ. ಕೈ ಹಾಳೆಯಿಂದ ಎದ್ದಿದೆ, ಮೊನೆಗೂ ಹಾಳೆಗೂ ನಡುವೆ ಒಂದು ಅಕ್ಕಿಕಾಳಿನಷ್ಟು ಜಾಗ, ಅಲುಗುತ್ತಿಲ್ಲ, ಹುಡುಗಿ ಇನ್ನೂ ಮಾತಾಡುತ್ತಿದ್ದಾಳೆ, ಅಪ್ಪಾ ಒಂದ್ಸಲ ಕೇಳು ಅನ್ನುತ್ತಿದ್ದಾಳೆ, ಮೊನೆ ಗಾಳಿಯಲ್ಲಿ ನಿಂತೇ ಇದೆ. ತೀರ್ಥೇಶ್ ಗಂಡಿನ ಮನೆಗೆ ಫೋನ್ ಮಾಡಿದ, ಅಕ್ಕನ ಕಡೆ ನೋಡದೆಯೇ, ಇವತ್ತು ಬರೋದು ಬೇಡ ಅನ್ರೀ, ಇಲ್ಲ ಇಲ್ಲ, ನಾಳೇನೂ ಬೇಡ, ಹುಡುಗಿ ಒಪ್ಪಲ್ಲ, ಅಂದ, ಲೋಕಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದಳು, ಮನೆ ತಣ್ಣಗಾಯಿತು, ಆಗ ಪೆನ್ಸಿಲ್ ಮತ್ತೆ ಇಳಿದು ದ ಎಂದು ಬರೆಯಿತು.

ಬಸ್ ಹತ್ತಿಸಲು ಬಂದ ತೀರ್ಥೇಶ್ ಬೈಕ್ ಆರಿಸಿ ಕೇಳಿದ, ಹಂಗಾದ್ರೆ ಇಷ್ಟು ದಿನ ನಂಗೆ ಬರ್ದಿದ್ದೆಲ್ಲ, ಆ ಉಪ್ಪು ಗಿಪ್ಪು, ಎಂತದೂ ಅಲ್ವಾ. ಬಸ್ಸು ಬಂತು, ನೀಲಾಂಬಿಕ ಹತ್ತಿದಳು, ಅವನು ಅಲ್ಲೇ ನಿಂತಿದ್ದ, ತಿರುವಿನ ತನಕ ಕಾಣುತ್ತಿದ್ದ, ನಾನು ಹುಡುಗಿಗೆ ಅವಳ ಮಾತು ಕೊಟ್ಟು ಅವನ ಹೆಂಡತಿಯನ್ನು ಕಿತ್ತುಕೊಂಡೆನೇ, ಕೊಟ್ಟೆ ಅನ್ನುವುದೂ ದೊಡ್ಡ ಮಾತು, ಅವಳೇ ಹೇಳಿಕೊಂಡಳು — ಆದರೆ ಆ ಪೆನ್ಸಿಲ್, ಮಗಳ ಮಾತು ಕೇಳಿ ನಿಂತಿತೇ, ಲೋಕಮ್ಮನ ಗದ್ದಲಕ್ಕೆ ನಿಂತಿತೇ, ಕೈ ಸೋತು ನಿಂತಿತೇ, ಮತ್ತೆ ಮತ್ತೆ ಬಂದರೆ ತಾನೆ ಗುರುತು ಹಿಡಿಯುವುದು, ಒಂದೇ ಸಲ ಬಂದದ್ದನ್ನು ಯಾರೂ ಬಿಡಿಸಲಾರರು, ಇಷ್ಟು ವರ್ಷ ಆಡಿದ ಆಟದಲ್ಲಿ ಕಲಿತದ್ದೇ ಅದು, ಬೇಕಾದ ಅಕ್ಷರ ಬೇಗ ಕಾಣುತ್ತದೆ, ಆದ್ದರಿಂದ ಬೇಡ, ಅದನ್ನು ಓದಬೇಡ, ಓದಬೇಡ ಮೀವಾಂಗಿಚ, ಆಚೆ ಹೊಲ, ಆಚೆ ಕೆರೆಯ ನೀರು, ಕಂಡಕ್ಟರ್ ಟಿಕೆಟ್ ಕೇಳುತ್ತಿದ್ದಾನೆ, ಎಲ್ಲಿಗೆ ತಾಯಿ, ಶಿಕಾರಿಪುರ, ಚಿಲ್ಲರೆ ಕೊಡಿ, ಎಡಗೈ, ಎದ್ದ ಎಡಗೈ, ಮೊನೆ, ಮೊನೆಯ ಕೆಳಗೆ ಬಿಳಿ ಹಾಳೆ, ನಡುವೆ ಅಕ್ಕಿಕಾಳಿನಷ್ಟು ಜಾಗ, ತಾಯಿ ಚಿಲ್ಲರೆ, ಹಾಳೆಗೆ ತಾಗದೆ ನಿಂತ ಮೊನೆ, ತಾಗದೆ