ಬೀಟೆ ಮಣೆಯ ಹೊಟ್ಟೆಕಿಚ್ಚು

ನಾನು ಒಂದು ಚದುರಂಗದ ಮಣೆ. ಬೀಟೆಮರದ ಕಪ್ಪು ಮನೆಗಳು, ಹಾಲೆಮರದ ಬಿಳಿ ಮನೆಗಳು, ಸುತ್ತ ಕಿರುಬೆರಳಷ್ಟು ಅಗಲದ ಅಂಚು. ನಾನು ಹುಟ್ಟಿದ್ದು ಮೈಸೂರಿನ ಒಂದು ಕಿರಿದಾದ ಓಣಿಯಲ್ಲಿ, ವಹಾಬ್ ಸಾಹೇಬರ ಕೈಯಲ್ಲಿ. ಮರದೊಳಗೆ ಮರ ಕೂರಿಸುವುದು ಅವರ ಕಸುಬು. ಒಂದೊಂದು ಮನೆಯನ್ನೂ ಕೂರಿಸಿದ ಮೇಲೆ ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸುತ್ತಿದ್ದರು. ಎಲ್ಲಾದರೂ ತಡೆದರೆ ಮತ್ತೆ ಉಪ್ಪುಕಾಗದ ಹಿಡಿಯುತ್ತಿದ್ದರು. ಅಷ್ಟು ನಯ ಮಾಡಿದ ಮೇಲೆ ನನ್ನನ್ನು ಅಂಗಡಿಯ ಕಪಾಟಿಗೆ ಕಳಿಸಿದರು.

ಅಲ್ಲಿ ನನ್ನ ಪಕ್ಕದಲ್ಲಿ ಅಂಬಾರಿ ಹೊತ್ತ ಆನೆಯ ಚಿತ್ರಪಟವೊಂದಿತ್ತು. ಬಂದವರೆಲ್ಲ ಅದನ್ನು ಮುಟ್ಟುವವರೇ, "ಎಷ್ಟು ಚೆನ್ನಾಗಿದೆ!" ಎನ್ನುವವರೇ. ನನ್ನ ಕಡೆ ತಿರುಗಿದವರು, "ಇದು ಬರೀ ಚೌಕ" ಎಂದು ಮುಂದೆ ಹೋಗುತ್ತಿದ್ದರು. ಹೊಟ್ಟೆಕಿಚ್ಚು ಅಂದರೇನು ಎಂದು ನಾನು ಕಲಿತದ್ದು ಅಲ್ಲಿ.

ನನ್ನನ್ನು ಕೊಂಡವರು ಹಾಸನದ ಚನ್ನಕೇಶವಯ್ಯನವರು. ಊರಿನಲ್ಲಿ ಅವರನ್ನು ದನದ ಡಾಕ್ಟ್ರು ಎನ್ನುತ್ತಿದ್ದರು. ಹಸುಗಳ ಹೆರಿಗೆ, ಎತ್ತುಗಳ ಕಾಲುಬೇನೆ ಎಲ್ಲ ಮುಗಿಸಿ ಮನೆಗೆ ಬಂದು, ಕೈಕಾಲು ತೊಳೆದು, ಕಾಂಪೌಂಡರ್ ಜೊತೆ ಆಟಕ್ಕೆ ಕೂರುತ್ತಿದ್ದರು. ಅವರ ಮಗಳು ವನಜಾಕ್ಷಿ ಅಪ್ಪನ ತೊಡೆಗೆ ಒರಗಿ ನೋಡುತ್ತಿದ್ದಳು. ಅವಳಿಗೆ ಯಾರೂ ಆಟ ಹೇಳಿಕೊಡಲಿಲ್ಲ. ಒಂದು ಸಂಜೆ ಕಾಂಪೌಂಡರ್ ಬಾರದಿದ್ದಾಗ, "ಅಪ್ಪಾ, ನಾನು ಕೂರ್ಲಾ?" ಎಂದು ಕೂತುಬಿಟ್ಟಳು. ಅಂದಿನಿಂದ ಕಾಂಪೌಂಡರ್ ನೋಡುವವನಾದ.

ಚನ್ನಕೇಶವಯ್ಯನವರು ತೀರಿಕೊಂಡ ಮೇಲೆ ಮನೆಯ ಸಾಮಾನು ಹಂಚಿಕೆಯಾಯಿತು. ವನಜಾಕ್ಷಿಯ ಅಣ್ಣ, "ನಿಂಗೇನು ಬೇಕೋ ಮೊದ್ಲು ನೀನೇ ತಗೋ" ಎಂದ. ಅವಳು ನನ್ನನ್ನು ಎತ್ತಿಕೊಂಡಳು. ಬೇರೆ ಏನನ್ನೂ ಕೇಳಲಿಲ್ಲ. ಅಂಗಡಿಯಲ್ಲಿ ಪಟ್ಟ ಸಂಕಟವೆಲ್ಲ ಆವತ್ತು ಇಳಿದುಹೋಯಿತು.

ಆಗ ವನಜಾಕ್ಷಿ ಹೆರಿಗೆ ಆಸ್ಪತ್ರೆಯೊಂದರಲ್ಲಿ ನರ್ಸ್. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, "ಪುರುಸೊತ್ತು ಎಲ್ಲಿತ್ತು?" ಎಂದು ನಗುತ್ತಿದ್ದರು. ನನ್ನನ್ನು ಡ್ಯೂಟಿ ಕೋಣೆಯ ಕಿಟಕಿಯ ಹತ್ತಿರ ಇಟ್ಟಿದ್ದರು. ಪತ್ರಿಕೆಯಲ್ಲಿ ಬರುವ ಚದುರಂಗದ ಸಮಸ್ಯೆಗಳನ್ನು ಬಿಡುವಿದ್ದಾಗ ನನ್ನ ಮೇಲೆ ಜೋಡಿಸಿ ಯೋಚಿಸುತ್ತಿದ್ದರು.

ಒಂದು ದಿನ ಒಬ್ಬ ಮನುಷ್ಯ ಆ ಕೋಣೆಯ ಬಾಗಿಲಲ್ಲಿ ನಿಂತ. ಅವನ ಹೆಂಡತಿ ಸಿಸಿಲಿ ಒಳಗೆ ಹೆರಿಗೆ ನೋವು ತಿನ್ನುತ್ತಿದ್ದಳು. ಅವನಿಗೆ ಎಲ್ಲಿ ನಿಲ್ಲಬೇಕು, ಏನು ಮಾಡಬೇಕು ತಿಳಿಯುತ್ತಿರಲಿಲ್ಲ. ವನಜಾಕ್ಷಿ ನನ್ನ ಮೇಲೆ ಜೋಡಿಸಿದ್ದ ಕಾಯಿಗಳನ್ನು ನೋಡಿದವನೇ, "ಸಿಸ್ಟರ್, ಆ ಒಂಟೆ ಅಲ್ಲಿದ್ರೆ ನಿಮ್ಮ ರಾಜ ಉಳಿಯಲ್ಲ" ಎಂದ.

"ನಿಮಗೆ ಆಟ ಬರುತ್ತಾ?"

"ಬರುತ್ತೆ. ಆದ್ರೆ ಈಗ ಕೈ ಕಾಲು ಆಡ್ತಾ ಇಲ್ಲ."

"ಕೂತ್ಕೊಳ್ಳಿ. ಮೊದಲ ಹೆರಿಗೆ, ಹೊತ್ತಾಗುತ್ತೆ. ಒಂದು ಆಟ ಆಡಿ."

ಆಟ ಅರ್ಧವಾಗುವಷ್ಟರಲ್ಲಿ ಹೆಣ್ಣು ಮಗು ಹುಟ್ಟಿತು. ಬಾಗಿಲಲ್ಲಿ ನಿಂತಿದ್ದ ಆ ಮನುಷ್ಯರೇ ಗೇಬ್ರಿಯಲ್. ಮದುವೆ ಮೆರವಣಿಗೆಗಳ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುವವರು, ಮುಂದೆ ಆ ಬ್ಯಾಂಡಿನ ಮೇಷ್ಟ್ರೇ ಆದರು. ಉಳಿದ ಅರ್ಧ ಆಟ ಮುಗಿಸಲು ಮುಂದಿನ ಗುರುವಾರ ಬಂದರು. ಆಮೇಲೆ ಗುರುವಾರ ಎಂದರೆ ಆಟ ಎಂದಾಯಿತು.

ಗೇಬ್ರಿಯಲ್ ಬೇಗ ಆಡುವವರು, ನಡುನಡುವೆ ಮೂಗಿನಲ್ಲೇ ಹಾಡು ಗುನುಗುವವರು. ವನಜಾಕ್ಷಿ ಗಲ್ಲಕ್ಕೆ ಕೈಕೊಟ್ಟು ಕೂತರೆ ಕಾಫಿ ಆರಿ ಕೆನೆ ಕಟ್ಟುತ್ತಿತ್ತು. ಆಟ ನನಗೆ ಇಷ್ಟವೇ. ಆದರೆ ಆಟ ಮುಗಿದ ಮೇಲಿನ ಹೊತ್ತು ಇನ್ನೂ ಇಷ್ಟ. ಆಗ ಇಬ್ಬರೂ ಕಾಯಿಗಳನ್ನು ಹಿಂದಕ್ಕೆ ಸರಿಸಿ, "ಇಲ್ಲಿ ಕುದುರೆ ತೆಗೆದಿದ್ರೆ?", "ತೆಗೀರಿ ನೋಡೋಣ", "ಅಯ್ಯೋ, ಆನೆ ಹೋಯ್ತಲ್ಲ!" ಎಂದು ವಾದ ಮಾಡುತ್ತಿದ್ದರು. ಗೆದ್ದವರು ಯಾಕೆ ಗೆದ್ದರು, ಸೋತವರು ಎಲ್ಲಿ ಎಡವಿದರು ಎಂದು ನನ್ನ ಮೈಮೇಲೆ ಬೆರಳಿಟ್ಟು ಹುಡುಕುತ್ತಿದ್ದರು. ಸಿಕ್ಕಿದ್ದು ಸರಿಯೋ ತಪ್ಪೋ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಯಾರಿಗೂ ಬೇಸರವೂ ಇರಲಿಲ್ಲ.

ಅವರ ಆಟಗಳಲ್ಲೆಲ್ಲ ಒಂದು ಆಟಕ್ಕೆ ಬೇರೆಯೇ ಮರ್ಯಾದೆ. ಆವತ್ತು ಗೇಬ್ರಿಯಲ್ ತಮ್ಮ ಮಂತ್ರಿಯನ್ನೇ ವನಜಾಕ್ಷಿಯ ರಾಜನ ಮುಂದೆ ನಿಲ್ಲಿಸಿ "ಚೆಕ್" ಎಂದಿದ್ದರು. ವನಜಾಕ್ಷಿ ರಾಜನಿಂದ ಆ ಮಂತ್ರಿಯನ್ನು ಹೊಡೆದರು. ಅಷ್ಟೇ, ಎರಡು ಕುದುರೆ ಒಂದು ಒಂಟೆ ಸೇರಿ ಅವರ ರಾಜನನ್ನು ಕಟ್ಟಿಹಾಕಿದವು. ಪ್ರತಿ ಕ್ರಿಸ್‌ಮಸ್ಸಿಗೆ ವನಜಾಕ್ಷಿ ನನ್ನನ್ನು ಹಿಡಿದು ಗೇಬ್ರಿಯಲ್ ಮನೆಗೆ ಹೋಗುವರು. ಕೇಕು ತಿಂದಾದ ಮೇಲೆ ನೆಂಟರ ಮುಂದೆ ಆ ಆಟವನ್ನು ಇಬ್ಬರೂ ಮೊದಲಿಂದ ಕೊನೆಯವರೆಗೆ ಮತ್ತೆ ಆಡಿ ತೋರಿಸುವರು. ಮಂತ್ರಿಯನ್ನು ಮುಂದಿಡುವಾಗ ಗೇಬ್ರಿಯಲ್ ಎದ್ದು ನಿಲ್ಲುತ್ತಿದ್ದರು. ಸಿಸಿಲಿ, "ಶುರುವಾಯ್ತು ನೋಡಿ ಇವರ ನಾಟಕ" ಎನ್ನುತ್ತಿದ್ದರು.

ವನಜಾಕ್ಷಿ ನಿವೃತ್ತರಾದರು, ಗುರುವಾರದ ಆಟ ಅವರ ಮನೆಗೆ ಬಂತು. ಚಿಕ್ಕಮಗಳೂರಿನಲ್ಲಿ ಹಿರಿಯರಿಗಾಗಿ ಪಂದ್ಯಾವಳಿ ನಡೆದಾಗ ಆಸೆಪಟ್ಟು ಹೋದರು, ಒಂದು ಬಿಟ್ಟು ಎಲ್ಲ ಆಟ ಸೋತು ಬಂದರು. ಅಲ್ಲಿ ಯಾರೋ, "ಮೇಡಂ, ನಿಮ್ಮ ಆಟಗಳನ್ನ ಕಂಪ್ಯೂಟರಿಗೆ ಹಾಕಿ. ಎಲ್ಲಿ ತಪ್ಪಿದ್ದೀರಿ ಅಂತ ಅದೇ ಹೇಳುತ್ತೆ" ಎಂದರಂತೆ. ಮನೆಗೆ ಲ್ಯಾಪ್‌ಟಾಪ್ ಬಂತು. ನನ್ನ ಮೇಜಿನ ಮೇಲೆ ನನ್ನನ್ನು ಪಕ್ಕಕ್ಕೆ ಸರಿಸಿ ಅದನ್ನು ಕೂರಿಸಿದರು.

ಅದರ ಮುಚ್ಚಳ ತೆಗೆದಾಗ ಎದ್ದ ಬೆಳಕು ಅವರ ಮುಖದ ಮೇಲೆ ಬಿತ್ತು. ಅಷ್ಟು ವರ್ಷ ನನ್ನ ಮೇಲೆ ಬಗ್ಗಿದ ಆ ಮುಖ ಈಗ ಇನ್ನೊಂದರ ಮೇಲೆ ಬಗ್ಗಿತ್ತು. ನನ್ನ ಬೀಟೆ ಒಳಗೊಳಗೇ ಉರಿಯಿತು.

ಕಂಪ್ಯೂಟರ್ ಅಂಗಡಿಯ ಫೈರೋಜ್ ಬಂದು ಮೊದಲನೆಯ ತಂತ್ರಾಂಶ ಹಾಕಿಕೊಟ್ಟರು. "ದೊಡ್ಡ ದೊಡ್ಡ ಆಟಗಾರರೆಲ್ಲ ಇದನ್ನೇ ಬಳಸೋದಂತೆ ಮೇಡಂ" ಎಂದರು. ಪರದೆಯ ತುಂಬ ಅಂಕಿಗಳು, ಬಾಣಗಳು, ಕ್ಷಣಕ್ಷಣಕ್ಕೂ ಬದಲಾಗುವ ಸಾಲುಗಳು. ವನಜಾಕ್ಷಿ ಕನ್ನಡಕ ಏರಿಸಿ ಇಳಿಸಿ ನೋಡಿದರು.

"ಪ್ಲಸ್ ಒಂದೂವರೆ ಅಂತಿದೆ. ಏನು ಒಂದೂವರೆ? ಜ್ವರವಾ?"

"ಬಿಳಿಯವರು ಅಷ್ಟು ಮುಂದಿದ್ದಾರೆ ಅಂತ ಮೇಡಂ."

"ಮುಂದಿದ್ದಾರೆ ಸರಿ. ಯಾಕೆ ಮುಂದಿದ್ದಾರೆ?"

ಫೈರೋಜ್ ತಲೆ ಕೆರೆದುಕೊಂಡರು. ಯಂತ್ರವೂ ಹೇಳಲಿಲ್ಲ. ಒಂದು ವಾರ ಹೆಣಗಾಡಿ ವನಜಾಕ್ಷಿ ಅದನ್ನು ಕೈಬಿಟ್ಟರು. ನನಗೆ ಹಬ್ಬವಾಯಿತು.

ಹಬ್ಬ ಹೆಚ್ಚು ದಿನ ನಡೆಯಲಿಲ್ಲ. ಎರಡನೆಯದು ಬಂತು. ಅದು ಬಣ್ಣಬಣ್ಣದ್ದು, ಅರ್ಥವಾಗುವಂಥದ್ದೇ. ತಪ್ಪು ನಡೆಗೆ ಕೆಂಪು ಗುರುತು ಹಾಕಿ ಗೊರ್ ಎಂದು ಸದ್ದು ಮಾಡುತ್ತಿತ್ತು. ಕೊನೆಗೆ ಶಾಲೆಯ ಮೇಷ್ಟ್ರ ಹಾಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಿತ್ತು. ವನಜಾಕ್ಷಿಗೆ ಹುರುಪು ಬಂತು. ತಮಗೆ ಬಾಯಿಪಾಠವಿದ್ದ ಆಟಗಳನ್ನೆಲ್ಲ ಹಾಕಿ ನೋಡತೊಡಗಿದರು. ಒಂದು ಗುರುವಾರ ಗೇಬ್ರಿಯಲ್ ಬಂದಾಗ, "ಮೇಷ್ಟ್ರೇ, ನಿಮ್ಮ ಮಂತ್ರಿ ಆಟ ಹಾಕೋಣ್ವಾ?" ಎಂದರು. ಕೇಡು ಬಯಸಿದ ಮಾತಲ್ಲ ಅದು. ಯಂತ್ರವೂ ಚಪ್ಪಾಳೆ ತಟ್ಟುತ್ತದೆ ಎಂದುಕೊಂಡಿದ್ದರು.

ಗೇಬ್ರಿಯಲ್ ಕುರ್ಚಿ ಹತ್ತಿರ ಎಳೆದುಕೊಂಡರು. ಒಂದೊಂದೇ ನಡೆ ಹಾಕುತ್ತಾ ಬಂದರು. ಮಂತ್ರಿಯ ನಡೆಗೆ ಗೊರ್ ಎಂದಿತು. ಕೆಂಪು ಗುರುತು ಬಿತ್ತು. ರಾಜ ಮಂತ್ರಿಯನ್ನು ಹೊಡೆಯದೆ ಮೂಲೆಗೆ ಸರಿದಿದ್ದರೆ ಗೇಬ್ರಿಯಲ್ ಸೋಲುತ್ತಿದ್ದರು ಎಂದು ಬಾಣ ತೋರಿಸಿತು.

ಗೇಬ್ರಿಯಲ್ ನಕ್ಕರು. ಆಮೇಲೆ ಆ ನಗು ತಾನಾಗಿಯೇ ನಿಂತಿತು.

"ಎಷ್ಟು ಕ್ರಿಸ್‌ಮಸ್ಸು ಈ ಆಟ ಹೇಳ್ಕೊಂಡು ಬಂದೆ ಸಿಸ್ಟರ್."

"ಅದಕ್ಕೇನು ಮೇಷ್ಟ್ರೇ, ಮಿಷನ್ನು..."

"ಪರವಾಗಿಲ್ಲ ಬಿಡಿ. ಅದು ನಿಜ ಹೇಳ್ತು ಅಷ್ಟೇ."

ಆವತ್ತು ನನ್ನ ಮೇಲೆ ಒಂದು ಆಟ ಆಡಿದರು. ಗೇಬ್ರಿಯಲ್ ಹಾಡು ಗುನುಗಲಿಲ್ಲ. ಮುಂದಿನ ಗುರುವಾರ ಬರಲಿಲ್ಲ. ಅದರ ಮುಂದಿನ ಗುರುವಾರವೂ ಬರಲಿಲ್ಲ. ಫೋನು ಮಾಡಿದರೆ ಸಿಸಿಲಿ, "ಮೈ ಹುಷಾರಿಲ್ಲ ಅಂತಾರೆ" ಎಂದಷ್ಟೇ ಹೇಳಿ ಇಟ್ಟರು.

ಯಂತ್ರ ಮನೆಯಿಂದ ಒಬ್ಬ ಮನುಷ್ಯನನ್ನು ಓಡಿಸಿತಲ್ಲ ಎಂದು ನನಗೆ ಒಳಗೊಳಗೇ ಸಮಾಧಾನ. ಇನ್ನು ಇವರು ಅದನ್ನು ಇಟ್ಟುಕೊಳ್ಳುವುದಿಲ್ಲ ಎಂದು ಕಾದೆ. ಆದರೆ ಗೇಬ್ರಿಯಲ್ ಬಾರದ ಮೇಲೆ ನನ್ನ ಮೇಲಾದರೂ ಆಡುವವರು ಯಾರು? ವನಜಾಕ್ಷಿ ಕಾಯಿಗಳನ್ನು ಚೀಲಕ್ಕೆ ತುಂಬಿ ನನ್ನನ್ನು ಗೋಡೆಗೆ ಒರಗಿಸಿದರು. ಗುರುವಾರ ಮಧ್ಯಾಹ್ನ ಅಭ್ಯಾಸಬಲದಿಂದ ಎರಡು ಲೋಟ ಕಾಫಿ ಬೆರೆಸಿ, ಒಂದನ್ನು ಹಾಗೆಯೇ ಒಳಗೆ ಒಯ್ದರು.

ಒಂದು ದಿನ ಫೈರೋಜ್‌ರನ್ನು ಮತ್ತೆ ಕರೆಸಿದರು.

"ಇದನ್ನ ತೆಗೀರಿ. ಬೇರೆ ಹಾಕಿ."

"ಎಂಥದ್ದು ಬೇಕು ಮೇಡಂ?"

"ಅಕ್ಷರ ದೊಡ್ಡದಿರಬೇಕು. ತಪ್ಪಿದ್ರೆ ತಪ್ಪು ಅನ್ನಲಿ, ಬೇಡ ಅನ್ನಲ್ಲ. ಯಾಕೆ ತಪ್ಪು ಅಂತ ನನ್ನಂಥೋರಿಗೆ ತಿಳಿಯೋ ಹಾಗೆ ಹೇಳಬೇಕು. ಅಂಕ ಕೊಡಬಾರದು. ಮುಖ್ಯವಾಗಿ, ನಾನು ಕೇಳೋ ತನಕ ಬಾಯಿ ಬಿಡಬಾರದು."

"ಸಾಫ್ಟ್‌ವೇರ್ ಕೇಳ್ತಿದ್ದೀರೋ, ಸೊಸೆ ಹುಡುಕ್ತಿದ್ದೀರೋ?" ಎಂದು ಫೈರೋಜ್ ನಕ್ಕರು. ಆದರೂ ಕೂತು ಒಂದೊಂದನ್ನೇ ಹಾಕಿ ತೋರಿಸಿದರು. ವನಜಾಕ್ಷಿ ಪ್ರತಿಯೊಂದರಲ್ಲೂ ಒಂದೇ ಆಟವನ್ನು ಹಾಕಿ ಪರೀಕ್ಷೆ ಮಾಡಿದರು. ಒಂದರಲ್ಲಿ ಗುಂಡಿಗಳು ಹೆಚ್ಚು, ಒಂದರಲ್ಲಿ ಜಾಹೀರಾತು, ಇನ್ನೊಂದು ಏನು ಮಾಡಿದರೂ ಹಿಂದಿನ ನಡೆಗೆ ಹೋಗಲು ಬಿಡದು. ಕೊನೆಗೆ ಒಂದು ಹಿಡಿಸಿತು. ಅದರಲ್ಲಿ ಮಣೆ ದೊಡ್ಡದು, ಉಳಿದದ್ದೆಲ್ಲ ಚಿಕ್ಕದು. ನಮ್ಮ ನಡೆ ನಾವು ಯೋಚಿಸಿ ಹಾಕಬಹುದು, ಅದು ಸುಮ್ಮನಿರುತ್ತದೆ. ಕೇಳಿದರೆ ಮಾತ್ರ ಸರಳ ಇಂಗ್ಲಿಷಿನಲ್ಲಿ ಒಂದು ಸಾಲು: ನಿಮ್ಮ ಕುದುರೆಗೆ ಕಾವಲಿರಲಿಲ್ಲ, ಅಥವಾ, ರಾಜನನ್ನು ಇನ್ನೂ ಮೊದಲೇ ಭದ್ರ ಮಾಡಬಹುದಿತ್ತು.

ಆ ಪರದೆಯ ಮಣೆಗೆ ಯಾವ ಬಣ್ಣ ಬೇಕೆಂದು ಫೈರೋಜ್ ಕೇಳಿದರು. ವನಜಾಕ್ಷಿ ಗೋಡೆಯ ಕಡೆ, ನನ್ನ ಕಡೆ ತೋರಿಸಿ, "ಆ ಥರ ಕಂದು" ಎಂದರು.

ಮೊದಲೆರಡನ್ನೂ ನಾನು ದ್ವೇಷಿಸಿದ್ದೆ, ನಿಜ. ಆದರೆ ಅವು ಪರಕೀಯವಾಗಿದ್ದವು. ಇದು ನನ್ನ ಬಣ್ಣವನ್ನೇ ಉಟ್ಟು ಕೂತಿತ್ತು. ಬೀಟೆಯ ವಾಸನೆ ಇಲ್ಲ, ತೂಕ ಇಲ್ಲ, ವಹಾಬ್ ಸಾಹೇಬರ ಹೆಬ್ಬೆರಳು ಅದನ್ನು ಮುಟ್ಟಿಲ್ಲ. ಆದರೂ ವನಜಾಕ್ಷಿ ಅದರ ಮುಂದೆ ಗಲ್ಲಕ್ಕೆ ಕೈಕೊಟ್ಟು ಕೂತರು. ಕಾಫಿಯ ಮೇಲೆ ಕೆನೆ ಕಟ್ಟಿತು. ಅಷ್ಟು ಸಂಕಟ ನನಗೆ ಮೊದಲೆಂದೂ ಆಗಿರಲಿಲ್ಲ.

ಅವರು ದಿನವೂ ಹಾಕುತ್ತಿದ್ದದ್ದು ಗೇಬ್ರಿಯಲ್‌ರ ಮಂತ್ರಿ ಆಟವನ್ನೇ. ರಾಜನನ್ನು ಮೂಲೆಗೆ ಸರಿಸುವರು. ಯಂತ್ರ ಗೇಬ್ರಿಯಲ್ ಪರವಾಗಿ ಆಡುವುದು. ಮುಂದಿನದನ್ನು ತಾವೇ ಕಂಡುಹಿಡಿಯಬೇಕೆಂದು ಇವರು ಹಟ ಹಿಡಿದು ಕೂರುವರು, ಸೋಲುವರು. ಮತ್ತೆ ಸರಿಸುವರು, ಬೇರೆ ದಾರಿ ಹಿಡಿಯುವರು, ಮತ್ತೆ ಸೋಲುವರು. ಒಂದು ಬೆಳಗ್ಗೆ ಕುರ್ಚಿಗೆ ಒರಗಿ ಜೋರಾಗಿ ನಕ್ಕುಬಿಟ್ಟರು. ಸೀರೆ ಬದಲಾಯಿಸಿ, ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿದರು. ಬಾಗಿಲ ತನಕ ಹೋದವರು ತಿರುಗಿ ಬಂದು ನನ್ನನ್ನೂ ಕಂಕುಳಲ್ಲಿ ಇರುಕಿ, ಕಾಯಿಗಳ ಚೀಲವನ್ನೂ ತೆಗೆದುಕೊಂಡರು. ಆಟೋದಲ್ಲಿ ನಾನೂ ಆ ಯಂತ್ರವೂ ಅವರ ತೊಡೆಯ ಮೇಲೆ ಒಬ್ಬರ ಮೇಲೊಬ್ಬರು.

ಗೇಬ್ರಿಯಲ್ ಮನೆ ಚರ್ಚಿನ ಹಿಂದಿನ ಸಾಲಿನಲ್ಲಿ. ಅವರು ಜಗಲಿಯಲ್ಲಿ ಕೂತಿದ್ದರು. ಎದ್ದು, "ಬನ್ನಿ ಸಿಸ್ಟರ್" ಎಂದರು. ಕೈ ಮುಂದೆ ಚಾಚಲಿಲ್ಲ.

"ಮೇಷ್ಟ್ರೇ, ಬೇಜಾರು ಮಾಡ್ಕೊಂಡ್ರಿ ನೀವು. ಆ ಮಿಷನ್ನಿಗೆ ಮೂಲೆ ಗೊತ್ತಿತ್ತು. ನನಗೆ ಗೊತ್ತಿರ್ಲಿಲ್ಲ. ಈಗ ಮೂಲೆ ಗೊತ್ತಾದ ಮೇಲೂ ಆ ಆಟ ಗೆಲ್ಲೋಕೆ ನನ್ನ ಕೈಲಿ ಆಗ್ತಿಲ್ಲ. ನೀವು ಆಡಿದ್ದು ಮಿಷನ್ ಎದುರಲ್ಲ, ನನ್ನೆದುರು. ನನ್ನನ್ನ ಸೋಲಿಸೋಕೆ ಆ ನಡೆ ಸಾಕಾಗಿತ್ತು."

ಗೇಬ್ರಿಯಲ್ ತಲೆ ತಗ್ಗಿಸಿದರು. "ಬೇಜಾರು ಎರಡು ದಿನ ಇತ್ತು ಸಿಸ್ಟರ್. ಅದಕ್ಕಲ್ಲ ನಾನು ಬರದೇ ಇದ್ದಿದ್ದು."

"ಮತ್ತೆ?"

ಉತ್ತರ ಕೊಟ್ಟವರು ಬಾಗಿಲಲ್ಲಿ ನಿಂತಿದ್ದ ಸಿಸಿಲಿ. "ಕೈ ತೋರ್ಸಿ ಅವರಿಗೆ. ಎಷ್ಟು ದಿನ ಮುಚ್ಚಿಡ್ತೀರಿ?"

ಗೇಬ್ರಿಯಲ್ ಬಲಗೈ ಚಾಚಿದರು. ಅದು ನಡುಗುತ್ತಿತ್ತು. ನಿಲ್ಲಿಸಬೇಕೆಂದು ಎಡಗೈಯಿಂದ ಹಿಡಿದರೆ ಎರಡೂ ನಡುಗಿದವು. ಕೊನೆಯ ಗುರುವಾರ ನನ್ನ ಮೇಲೆ ಆ ಬೆರಳುಗಳು ಕಂಪಿಸಿದ್ದನ್ನು ನಾನು ಬಲ್ಲೆ. ಸಿಟ್ಟಿಗೆ ಹಾಗೆ ಎಂದುಕೊಂಡಿದ್ದೆ. ವನಜಾಕ್ಷಿ ಆ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು ನರ್ಸಿನ ಕಣ್ಣಿನಿಂದ ನೋಡಿದರು. ಡಾಕ್ಟರು ಏನೆಂದರು, ಮಾತ್ರೆ ಯಾವುದು ಎಂದು ವಿಚಾರಿಸಿದರು.

"ಕ್ಲಾರಿನೆಟ್ಟಿನ ತೂತು ಮುಚ್ಚೋಕಾಗಲ್ಲ" ಎಂದರು ಗೇಬ್ರಿಯಲ್. "ಬ್ಯಾಂಡು ಬಿಟ್ಟೆ. ಆಟದಲ್ಲಾದ್ರೂ ನಿಮ್ಮ ಮುಂದೆ ನಗೆಪಾಟಲಾಗಬಾರದು ಅಂತ..."

"ಒಂದು ಆಟ ಆಡಿ" ಎಂದರು ವನಜಾಕ್ಷಿ. ನನ್ನನ್ನು ಜಗಲಿಯ ಮೇಲಿಟ್ಟು ಕಾಯಿ ಜೋಡಿಸಿದರು. ಗೇಬ್ರಿಯಲ್ ಕುದುರೆ ಎತ್ತಿದರು. ಅದು ಇಳಿಯುವಾಗ ಪಕ್ಕದ ಒಂಟೆ ಬಿತ್ತು, ಒಂಟೆ ಬಿದ್ದು ಎರಡು ಕಾಲಾಳುಗಳು ಉರುಳಿದವು. ಎತ್ತಿ ನಿಲ್ಲಿಸಿದರೆ ರಾಜ ಬಿದ್ದ. ನಾನು ಮೈ ಬಿಗಿಹಿಡಿದು ಸಮತಟ್ಟಾಗಿ ಮಲಗಿದ್ದೆ. ಒಂದು ಮರದ ಮಣೆ ಅದಕ್ಕಿಂತ ಹೆಚ್ಚು ಏನು ಮಾಡೀತು? ಗೇಬ್ರಿಯಲ್ ಕೈ ಹಿಂದಕ್ಕೆ ಎಳೆದುಕೊಂಡು, "ನೋಡಿದ್ರಲ್ಲ" ಎಂದರು.

ವನಜಾಕ್ಷಿ ಚೀಲದಿಂದ ಲ್ಯಾಪ್‌ಟಾಪ್ ತೆಗೆದು, ಪರದೆಯ ಮಣೆಯನ್ನು ಇನ್ನೂ ದೊಡ್ಡದು ಮಾಡಿದರು. "ಎತ್ತೋದು ಬೇಡ ಮೇಷ್ಟ್ರೇ. ಇದು ಬೆರಳು ಮುಟ್ಟಿದ್ರೆ ಕೆಲಸ ಮಾಡೋ ಪರದೆ. ಕುದುರೆ ಮೇಲೆ ಒಂದು ಸಲ ಒತ್ತಿ. ಹೋಗಬೇಕಾದ ಮನೆ ಮೇಲೆ ಇನ್ನೊಂದು ಸಲ. ಬೆರಳು ಅತ್ತಿತ್ತ ಆದ್ರೆ ಚಿಂತೆ ಇಲ್ಲ, ನಡೆ ಹಿಂದಕ್ಕೆ ತಗೋಬಹುದು."

ಗೇಬ್ರಿಯಲ್ ಒತ್ತಿದರು. ಕುದುರೆ ಹಾರಿ ತನ್ನ ಮನೆಯಲ್ಲಿ ನೆಟ್ಟಗೆ ನಿಂತಿತು. ಸುತ್ತ ಏನೂ ಬೀಳಲಿಲ್ಲ. ಇನ್ನೊಂದು ನಡೆ ಹಾಕಿದರು. ನಾಲ್ಕನೆಯದೋ ಐದನೆಯದೋ ನಡೆಗೆ ಅವರ ಮೂಗಿನಲ್ಲಿ ಹಾಡು ಬಂತು. ಸಿಸಿಲಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ಆವತ್ತಿನಿಂದ ನಾನು ಗೇಬ್ರಿಯಲ್ ಮನೆಯಲ್ಲೇ ಉಳಿದೆ. ಅವರ ಮೇಜು ತಗ್ಗು, ಪರದೆ ಕಣ್ಣಿನ ಮಟ್ಟಕ್ಕೆ ಬರುತ್ತಿರಲಿಲ್ಲ. ಅದಕ್ಕೆ ನನ್ನನ್ನು ಕೆಳಗೆ ಹಾಕಿ ಮೇಲೆ ಲ್ಯಾಪ್‌ಟಾಪ್ ಇಟ್ಟರು. ಗುರುವಾರ ವನಜಾಕ್ಷಿ ಅದನ್ನು ತಂದರೆಂದರೆ ಅದರ ಬಿಸಿ ನನ್ನ ಮೈಗೆ ತಾಗುತ್ತದೆ. ನನ್ನ ಮೇಲೆ ಈಗ ಯಾರೂ ಆಡುವುದಿಲ್ಲ. ಆಟ ಮುಗಿದ ಮೇಲೆ ವಾದ ಮಾತ್ರ ಹಾಗೇ ಇದೆ. ಯಂತ್ರವನ್ನು ಕೇಳುವ ಮೊದಲು ಇಬ್ಬರೂ ತಮ್ಮ ತಮ್ಮ ತಪ್ಪನ್ನು ತಾವೇ ಹುಡುಕುತ್ತಾರೆ, ಕೆಲವು ಸಲ ಕೇಳುವುದನ್ನೇ ಮರೆಯುತ್ತಾರೆ.

ಉಳಿದ ದಿನ ನನ್ನನ್ನು ಕಪಾಟಿನ ಮೂಲೆಯಲ್ಲಿ, ಕ್ಲಾರಿನೆಟ್ಟಿನ ಪೆಟ್ಟಿಗೆಯ ಪಕ್ಕ ಇಡುತ್ತಾರೆ. ನನ್ನ ಅಂಚಿನಲ್ಲಿ ಬಿರುಕು ಬಿಟ್ಟಿದೆ, ಒಂದು ಬಿಳಿ ಮನೆ ಸಡಿಲವಾಗಿದೆ. ನನಗೆ ವಯಸ್ಸಾಯಿತು. ವಯಸ್ಸಾದರೆ ಹೊಟ್ಟೆಕಿಚ್ಚು ಆರುತ್ತದೆ ಎನ್ನುವವರ ಮಾತು ನಂಬಬೇಡಿ. ಆ ಪರದೆ ಬೆಳಗಿದಾಗಲೆಲ್ಲ ನನಗೆ ಇವತ್ತಿಗೂ ಉರಿಯುತ್ತದೆ. ಆದರೂ ಗೇಬ್ರಿಯಲ್ ನಡುಗುವ ಬೆರಳನ್ನು ಮುಂದೆ ತಂದಾಗ, ಮೇಲೆ ಇರುವುದು ಒಂದಿಷ್ಟೂ ಅಲುಗದಂತೆ ನಾನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ.