ತಿದ್ದಿದರೂ ಬದಲಾಗದ ಸಾಲು

ಮೂವತ್ತು ವರ್ಷ ಹೊಲಿಗೆ ಯಂತ್ರದ ಪೆಡಲು ತುಳಿದು ನನ್ನ ಮೊಣಕಾಲುಗಳು ಕೈಕೊಟ್ಟವು. ಕಂಪ್ಯೂಟರ್ ಕೋರ್ಸ್ ಮುಗಿಸಿದರೆ ಕಾಲಿಗೆ ಕೆಲಸವಿಲ್ಲದ ಡಿಸೈನ್ ವಿಭಾಗಕ್ಕೆ ಹಾಕುತ್ತೇನೆ ಎಂದು ಗಾರ್ಮೆಂಟ್ಸ್ ಮ್ಯಾನೇಜರು ಮಾತು ಕೊಟ್ಟಿದ್ದರು. ಹಾಗಾಗಿ ಐವತ್ತೆರಡನೇ ವಯಸ್ಸಿನಲ್ಲಿ, ಮೀಸೆ ಚಿಗುರದವರ ನಡುವೆ ನಾನೊಬ್ಬಳು ಟೈಲರ್ ಆಂಟಿ.

ಮೇಷ್ಟ್ರೂ ಚಿಕ್ಕವನೇ. ಅವನ ಮೊದಲ ಯೂನಿಫಾರ್ಮ್ ಹೊಲಿದವಳು ನಾನು. ಆ ದಾಕ್ಷಿಣ್ಯ ಅವನಿಗೆ ಎಳ್ಳಷ್ಟೂ ಇರಲಿಲ್ಲ.

"ಸೀಟಿಗೆ ಕಾಯ್ತಿರೋರು ಹನ್ನೆರಡು ಜನ ಇದ್ದಾರೆ. ಪುಸ್ತಕದಲ್ಲಿರೋ 'ಸಿ' ಭಾಷೆಯ ಪ್ರೋಗ್ರಾಮ್ ಟೈಪ್ ಮಾಡಿ ಓಡಿಸಿ. ಆಮೇಲೆ ಅದ್ರಲ್ಲಿರೋ ಮಾತು ತೆಗೆದು, ನಿಮ್ಮದೇ ಒಂದು ಸಾಲು ಬರೋ ಹಾಗೆ ಮಾಡಿ. ನಾಲ್ಕು ಗಂಟೆಯೊಳಗೆ ಆಗದೇ ಇದ್ದೋರು ಕುರ್ಚಿ ಬಿಟ್ಟುಕೊಡಿ."

ಒಂದೊಂದೇ ಅಕ್ಷರ ಹುಡುಕಿ ಆರು ಸಾಲು ಒತ್ತಿದೆ. ನಾವು ಬರೆದದ್ದು ಕಂಪ್ಯೂಟರಿಗೆ ನೇರವಾಗಿ ತಿಳಿಯುವುದಿಲ್ಲವಂತೆ. ಕಂಪೈಲ್ ಮಾಡಿದರೆ ಅದರಿಂದ ಇನ್ನೊಂದು ಫೈಲು ಹುಟ್ಟುತ್ತದೆ, ಓಡುವುದು ಅದು. ಕಂಪೈಲ್ ಮಾಡಿ ಓಡಿಸಿದೆ. ಪರದೆಯ ಮೇಲೆ 'ನಮಸ್ಕಾರ' ಎಂದು ಬಂತು. ನಾನೂ ನಮಸ್ಕಾರ ಎಂದೆ.

ನಮಸ್ಕಾರ ಅಳಿಸಿ ನನ್ನ ಸಾಲು ಬರೆದೆ, ಸೇವ್ ಮಾಡಿದೆ, ಓಡಿಸಿದೆ. ನಮಸ್ಕಾರ! ತೆರೆದು ನೋಡಿದರೆ ನನ್ನ ಸಾಲು ಅಲ್ಲೇ ಇದೆ. ಓಡಿಸಿದರೆ ಮತ್ತೆ ನಮಸ್ಕಾರ. ನನಗೆ ಮೈಯೆಲ್ಲ ಉರಿಯಿತು.

"ಆಂಟಿ, ಅದು ನಿಮಗೆ ತುಂಬಾ ಮರ್ಯಾದೆ ಕೊಡ್ತಿದೆ" ಎಂದು ಪಕ್ಕದ ಹುಡುಗಿ ಕಿಸಕ್ಕೆಂದಳು.

ನಾಲ್ಕಕ್ಕೆ ಐದು ನಿಮಿಷ. ಮೇಷ್ಟ್ರು ಪಟ್ಟಿ ಹಿಡಿದು ನನ್ನ ಕಡೆ ಹೊರಟ. ನಾಳೆಯಿಂದ ಮತ್ತೆ ಅದೇ ಪೆಡಲು ಎಂದುಕೊಂಡು ಮೊಣಕಾಲು ನೀವಿಕೊಂಡೆ. ಆಗ ನಮ್ಮ ಸೂಪರ್‌ವೈಸರ್ ನೆನಪಾದ. ಒಮ್ಮೆ ಅವನು ಅಳತೆ ಚೀಟಿಯಲ್ಲಿ ತೋಳನ್ನು ಅರ್ಧ ಇಂಚು ಉದ್ದ ಎಂದು ತಿದ್ದಿ, ಹೊಲಿದಿಟ್ಟ ಅಂಗಿಯ ತೋಳು ಯಾಕೆ ಗಿಡ್ಡ ಎಂದು ಕೂಗಾಡಿದ್ದ. "ಚೀಟಿ ತಿದ್ದಿದ್ರೆ ಹೊಲಿದ ಅಂಗಿ ಬೆಳೆಯುತ್ತೇನ್ರೀ? ಮತ್ತೆ ಹೊಲೀಬೇಕು" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದವಳು ನಾನೇ.

ಈಗ ನೋಡಿದರೆ ಆ ಪೆದ್ದ ಸೂಪರ್‌ವೈಸರ್ ನಾನೇ ಆಗಿದ್ದೆ! ತಿದ್ದಿದ್ದು ಚೀಟಿ, ಓಡಿಸುತ್ತಿದ್ದದ್ದು ಮೊದಲೇ ಹೊಲಿದಿಟ್ಟ ಅಂಗಿ.

ಮತ್ತೆ ಕಂಪೈಲ್ ಮಾಡಿದೆ. ಓಡಿಸಿದೆ.

"ಆಯ್ತಾ ಆಂಟಿ?" ಮೇಷ್ಟ್ರು ಬಂದೇಬಿಟ್ಟ.

"ನೀವೇ ಓದಿ ಮೇಷ್ಟ್ರೇ. ಸ್ವಲ್ಪ ಜೋರಾಗಿ."

ಅವನು ಬಗ್ಗಿ ಓದಿದ: "ಈ ಕುರ್ಚಿ ನಾನು ಬಿಡಲ್ಲ."

ಇಡೀ ಕೋಣೆ ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಅಷ್ಟು ಖುಷಿ ನನಗೆ ಯಾವ ಸಂಬಳದ ದಿನವೂ ಆಗಿರಲಿಲ್ಲ. ಅವನು ನಗುತ್ತ ಪಟ್ಟಿಯಲ್ಲಿ ಟಿಕ್ ಹಾಕಿ ಮುಂದಿನ ಮೇಜಿಗೆ ಹೋದ.

ಇನ್ನೂ ಎರಡು ನಿಮಿಷವಿತ್ತು. ಪಕ್ಕದ ಹುಡುಗಿ ಸದ್ದಿಲ್ಲದೆ ತನ್ನ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಕಣ್ಣಲ್ಲಿ ನೀರಿತ್ತು. ಪರದೆಯ ಮೇಲೆ ನಮಸ್ಕಾರ ಎಂದಿತ್ತು.

"ಅಳಬೇಡ ಮಗಳೇ, ಮತ್ತೆ ಹೊಲಿಯೋಣ" ಎಂದು ನನ್ನ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡೆ.